ರೇವಣಸಿದ್ದ ಕಟ್ಟಿದ ಪಂಜರ

ರೇವಣಸಿದ್ದ ನನ್ನ ಕೆನ್ನೆಗೆ ಹೊಡೆದ. ಅದೂ ಆನೇಕಲ್ ಆಚೆಯ ರೇಸ್ ಟ್ರ್ಯಾಕಿನಲ್ಲಿ, ಕ್ಲಬ್ಬಿನವರು, ಅವರ ಹೆಂಡಿರು ಮಕ್ಕಳು, ಕಬ್ಬಿನ ಹಾಲು ಮಾರುವವನು, ಎಲ್ಲರ ಎದುರಿಗೆ. ನನಗೆ ಐವತ್ತರ ಹತ್ತಿರ ವಯಸ್ಸು. ನಮ್ಮಪ್ಪ ಹೋದಮೇಲೆ ನನ್ನ ಕೆನ್ನೆ ಮುಟ್ಟಿದವನು ಕಟಿಂಗ್ ಶಾಪಿನವನೊಬ್ಬನೇ. ಅವತ್ತು ರೇವಣಸಿದ್ದನ ಪರವಾಗಿ ಜಗಳಕ್ಕೆ ನಿಂತವನು ನಾನು, ಏಟು ತಿಂದವನೂ ನಾನು. ಊಟಕ್ಕೆ ಕೂತಾಗ ಅದು ನೆನಪಾದರೆ ಇವತ್ತಿಗೂ ತಟ್ಟೆ ತಳ್ಳಿ ಏಳುತ್ತೇನೆ.

ಏಟು ಯಾಕೆ ಬಿತ್ತು ಅಂತ ಹೇಳಬೇಕಾದರೆ ಅವನು ಎಂಥವನು ಅಂತ ಮೊದಲು ಹೇಳಬೇಕು.

ನನ್ನ ಶೆಡ್ಡು ಪೀಣ್ಯ ಸೆಕೆಂಡ್ ಸ್ಟೇಜಿನ ಹಿಂದೆ, ಎರಡು ಫ್ಯಾಕ್ಟರಿ ಗೋಡೆಗಳ ನಡುವೆ ಇದೆ. ಒಂದು ಲೇತು, ಒಂದು ಡ್ರಿಲ್ಲು, ಎಂಜಿನ್ ಎತ್ತೋ ಚೈನು. ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈ ಮುಗಿದು ಇದೇ ರಸ್ತೆಯಲ್ಲಿ ಎಂಜಿನ್ ಕೆಲಸ ಕಲಿತವನು ನಾನು. ಹೊಟ್ಟೆಪಾಡಿಗೆ ಫ್ಯಾಕ್ಟರಿಗಳ ಕೆಲಸ, ಇಷ್ಟಕ್ಕೆ ರೇಸ್ ಕಾರು. ವೈಟ್‌ಫೀಲ್ಡ್ ಕಡೆಯ ಹುಡುಗರು ವಾರವೆಲ್ಲ ಏಸಿಯಲ್ಲಿ ಕೂತಿದ್ದು ಭಾನುವಾರ ಕ್ಲಬ್ಬಿನ ರೇಸಿಗೆ ಹೋಗುತ್ತಾರೆ. ಹಳೇ ಕಾರು ತರುತ್ತಾರೆ. ನಾವು ಅದರ ಸೀಟು, ಕಾರ್ಪೆಟ್ಟು, ಏಸಿ ಎಲ್ಲ ಕಿತ್ತು ಹಗುರ ಮಾಡಿ, ಎಂಜಿನ್ ಬಿಚ್ಚಿ ಜೋರು ಮಾಡಿ ಕೊಡುತ್ತೇವೆ. ಗೆದ್ದವರಿಗೆ ಒಂದು ತಗಡಿನ ಕಪ್ಪು. ಅದಕ್ಕೆ ಅವರು ಒಬ್ಬರಿಗೊಬ್ಬರು ಗುದ್ದಿಕೊಂಡು ಸಾಯೋದಕ್ಕೂ ರೆಡಿ.

ರೇವಣಸಿದ್ದ ಬಂದ ದಿನ ಶೆಡ್ಡಿನಲ್ಲಿ ಒಂದು ಕಾರಿಗೆ ಪಂಜರ ಕೂರಿಸಿದ್ದೆವು. ಓಡಿಸುವವನ ಸುತ್ತ ಕಬ್ಬಿಣದ ಪೈಪುಗಳನ್ನು ಬಗ್ಗಿಸಿ ಬೆಸೆದಿರುತ್ತೇವೆ. ಕಾರು ಪಲ್ಟಿ ಹೊಡೆದರೆ ಮೇಲಿನ ತಗಡು ಅಪ್ಪಚ್ಚಿ ಆದರೂ ಈ ಪೈಪು ಒಳಗಿನ ಮನುಷ್ಯನ ಮೇಲೆ ಭಾರ ಬೀಳೋಕೆ ಬಿಡಲ್ಲ. ಅದಕ್ಕೆ ನಾವು ಪಂಜರ ಅನ್ನೋದು. ಕೆಲಸ ಕೇಳೋಕೆ ಬಂದವನು ಕೆಲಸ ಕೇಳಲಿಲ್ಲ. ಬಗ್ಗಿ, ಬೆರಳು ಮಡಚಿ ಪೈಪಿನ ಮೇಲೆ ಕುಟ್ಟಿ ನೋಡಿದ.

"ಇದನ್ನ ಕಟ್ಟಿದಾಂವ ಯಾರ್ರಿ?"

"ಯಾಕೆ?"

"ಇದರಾಗ ಕುಂತಾಂವ ಸಾಯ್ತಾನ."

"ಯಾವ ಊರಲೇ ನಿಂದು, ಬಂದು ಎರಡು ನಿಮಿಷ ಆಗಿಲ್ಲ," ಅಂತ ಸ್ಪ್ಯಾನರ್ ಕೈಗೆ ತಗೊಂಡೆ.

ಅವನು ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ತಗೊಂಡ. ನನಗೆ ಹೊಡೀತಾನೆ ಅಂತ ತೋಳು ಅಡ್ಡ ಹಿಡಿದೆ. ಅವನು ಹೊಡೆದದ್ದು ಪೈಪಿನ ಜಾಯಿಂಟಿಗೆ. ಒಂದೇ ಏಟಿಗೆ ಬೆಸುಗೆ ಬಾಯಿಬಿಟ್ಟಿತು. ನನಗೆ ರಕ್ತ ತಲೆಗೇರಿತು. ಸ್ಪ್ಯಾನರಿನಿಂದ ಅವನ ಭುಜಕ್ಕೆ ಬಾರಿಸಿದೆ. ಅವನು ನನ್ನ ಸೊಂಟ ಹಿಡಿದು ಆಯಿಲ್ ಬಿದ್ದ ನೆಲಕ್ಕೆ ಕೆಡವಿದ. ಅವನ ಕಿವಿ ನನ್ನ ಕೈಯಲ್ಲಿ, ನನ್ನ ಗಂಟಲು ಅವನ ಮೊಣಕೈ ಕೆಳಗೆ. ಪಕ್ಕದ ಫ್ಯಾಕ್ಟರಿಯವರು ಪೈಪು ತಂದು ನೀರು ಬಿಟ್ಟರು, ಬೀದಿನಾಯಿಗಳಿಗೆ ಬಿಡೋ ಹಾಗೆ. ಒದ್ದೆಯಾದಮೇಲೆ ಇಬ್ಬರಿಗೂ ಹುಮ್ಮಸ್ಸು ಇಳಿಯಿತು. ನನ್ನ ಮುಂದಿನ ಹಲ್ಲೊಂದು ಹೋಗಿತ್ತು.

"ನಾಳೆ ಎಷ್ಟು ಹೊತ್ತಿಗೆ ಬರ್ತೀಯ?" ಅಂದೆ.

"ಮೊದಲ ನಿಮ್ಮ ಹಲ್ಲು ಹುಡುಕಿ ಕೊಡ್ತೀನಿ ತಡೀರಿ ಸಾವಕಾರ," ಅಂತ ನೆಲ ತಡಕಾಡಿದ.

ಅವತ್ತಿನಿಂದ ನಾನು ಅವನಿಗೆ ಸಾವಕಾರ. ಗೌರವಕ್ಕಲ್ಲ, ಚೇಷ್ಟೆಗೆ.

ಅವನ ಊರು ಇಂಡಿ ಕಡೆ. ಅಣ್ಣ ಬಸಲಿಂಗನ ಜೊತೆ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಬಿಲ್ಡಿಂಗ್ ಕೆಲಸಕ್ಕೆ ಬಂದಿದ್ದ. ಒಂದು ದಿನ ಮೇಲಿನ ಮಹಡಿಗೆ ಕಾಂಕ್ರೀಟ್ ಸುರಿಯುವಾಗ ಕೆಳಗೆ ಆನಿಸಿದ್ದ ಕಬ್ಬಿಣದ ಕಂಬ ಬೆಸುಗೆ ಬಿಟ್ಟು ಮಡಚಿಕೊಂಡಿತು. ಕೆಳಗೆ ಬಸಲಿಂಗ ಇದ್ದ. ಹಸಿ ಕಾಂಕ್ರೀಟಿನ ಒಳಗಿಂದ ಅಣ್ಣನನ್ನು ಕೈಯಲ್ಲೇ ಬಗೆದು ತೆಗೆದವನು ಇವನು. ತೆಗೆದಾಗ ಮುಖ ಇರಲಿಲ್ಲವಂತೆ, ಸೊಂಟದ ಉಡಿದಾರ ನೋಡಿ ಗುರುತು ಹಿಡಿದನಂತೆ. ಆಮೇಲೆ ಮುರಿದ ಕಂಬದ ಜಾಯಿಂಟು ನೋಡಿದ. ಅರ್ಧ ಸುತ್ತು ಮಾತ್ರ ಬೆಸೆದು, ಮಿಕ್ಕಿದ್ದಕ್ಕೆ ಬಣ್ಣ ಬಳಿದಿದ್ದರು. ಮೇಸ್ತ್ರಿ ಬಂದು "ಹಣೆಬರಹ ಕಣಪ್ಪ, ಯಾರೇನ್ ಮಾಡೋಕಾಗುತ್ತೆ" ಅಂದ. ರೇವಣಸಿದ್ದ ಅದೇ ಕಂಬದ ತುಂಡಿನಿಂದ ಮೇಸ್ತ್ರಿಯ ಎರಡೂ ಮಂಡಿ ಪುಡಿ ಮಾಡಿದ. ಪುಡಿ ಅಂದರೆ ಪುಡಿಯೇ. ಆ ಮೇಸ್ತ್ರಿ ಆಮೇಲೆ ನಡೆದಿದ್ದನ್ನು ಯಾರೂ ನೋಡಿಲ್ಲ.

ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದಾಗ ವೆಲ್ಡಿಂಗ್ ಕಲಿತ.

"ನಿಮ್ಮಣ್ಣನ್ನ ಕೊಂದಿದ್ದು ಬೆಸುಗೆ. ಅದನ್ನೇ ಕಲಿತಿದೀಯಲ್ಲೋ," ಅಂದೆ ಒಂದು ಸಲ.

"ಅದಕ್ಕ ಕಲತೀನಿ," ಅಂದ. ಅಷ್ಟೇ ಅಂದಿದ್ದು.

ಅವನು ಬಂದಮೇಲೆ ನನ್ನ ಶೆಡ್ಡಿಗೆ ಒಂದು ಪದ್ಧತಿ ಬಂತು. ಪಂಜರ ಮುಗಿದ ದಿನ ಅವನು ಹೆಲ್ಮೆಟ್ ಹಾಕಿಕೊಂಡು ಕಾರಿನೊಳಗೆ ಕೂತು ಬೆಲ್ಟು ಬಿಗಿದುಕೊಳ್ಳುತ್ತಾನೆ. ಎರಡೂ ಕೈ ಎದೆಗೆ ಕಟ್ಟಿಕೊಂಡು, "ಕೈ ಒಳಗ ಐತಿ. ಹೊಡಿ ಸಾವಕಾರ," ಅನ್ನುತ್ತಾನೆ. ನಾನು ದೊಡ್ಡ ಸುತ್ತಿಗೆಯಲ್ಲಿ ಒಂದೊಂದೇ ಜಾಯಿಂಟಿಗೆ ಹೊಡೆಯಬೇಕು. ತಲೆ ಪಕ್ಕದ್ದು, ನೆತ್ತಿ ಮೇಲಿನದು, ಪಕ್ಕೆಲುಬಿನ ಹತ್ತಿರದ್ದು. ಮೆತ್ತಗೆ ಹೊಡೆದರೆ ಒಳಗಿಂದಲೇ ಬೈಗುಳ. "ಹೆಂಡ್ತಿ ಬೆನ್ನು ಸವರಾಕತ್ತೀಯೇನು, ಹೊಡೀಲೇ." ಒಂದು ಜಾಯಿಂಟಿನ ಸದ್ದು ಒಡಕಾಗಿ ಬಂದರೂ ಇಳಿದು ಬಂದು ಅದನ್ನು ಕೊಯ್ದು ಮತ್ತೆ ಬೆಸೆಯುತ್ತಿದ್ದ. ತಾನು ಒಳಗೆ ಕೂತು ಏಟು ತಾಳದ ಪಂಜರವನ್ನು ಯಾರಿಗೂ ಕೊಡುತ್ತಿರಲಿಲ್ಲ. ಕ್ಲಬ್ಬಿನ ಎಂಜಿನಿಯರುಗಳು ಬಂದು, ಇದೇನು ಹುಚ್ಚು, ಬೆಸುಗೆ ನೋಡೋಕೆ ಮಿಷನ್ ಇದೆ ಅಂದರು. ಇರಬಹುದು. ಮಿಷನ್ನು ಒಳಗೆ ಕೂರಲ್ಲವಲ್ಲ.

ಅವನ ಹೆಂಡತಿ ಮಹಾನಂದಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಚಿಕ್ಕಬಾಣಾವರ ಸ್ಟೇಷನ್ ಹತ್ತಿರ ಒಂದು ರೂಮು ಮಾಡಿಕೊಂಡಿದ್ದರು. ಒಂದು ಸಲ ಬುತ್ತಿ ಕೊಡೋಕೆ ಬಂದವಳು ಈ ಸುತ್ತಿಗೆ ಪೂಜೆ ನೋಡಿಬಿಟ್ಟಳು. ಬುತ್ತಿ ಕೆಳಗಿಟ್ಟು ಸೀದಾ ನನ್ನ ಹತ್ತಿರ ಬಂದು, "ಅಣ್ಣಾರ, ನೀವು ಹೊಡಿಯೂದ ಆದ್ರ ತಲಿಗೇ ಹೊಡೀರಿ. ಬುದ್ಧಿ ಅಲ್ಲಿ ಕೆಟ್ಟೈತಿ," ಅಂದಳು.

ದೀಪು ಬಂದಿದ್ದು ಆಮೇಲೆ. ಹೂಡಿಯ ಹಳಬರ ಮನೆ ಹುಡುಗ. ಅವರಪ್ಪ ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಅವರದೇ ಪೀಜಿ ಕಟ್ಟಡಗಳು ನಿಂತಿವೆ. ದೀಪುಗೆ ಬೇರೆಯವರ ಹಾಗೆ ಹಳೇ ಕಾರು ತಿದ್ದಿಸೋದು ಬೇಡ, ಬುಡದಿಂದ ಹೊಸದೇ ಕಟ್ಟಬೇಕು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗೋ ಅಷ್ಟು ತಗ್ಗು, ಮೇಲೆ ಸೂರಿಲ್ಲ. ಮೊಬೈಲಿನಲ್ಲಿ ಚಿತ್ರ ತೋರಿಸಿ, "ಹನುಮಣ್ಣ, ಈ ಥರ ಸ್ಪೋರ್ಟ್ಸ್ ಕಾರು ನಮ್ಮ ಕ್ಲಬ್ಬಲ್ಲಿ ಯಾರ ಹತ್ರಾನೂ ಇಲ್ಲ, ಗುರು," ಅಂದ.

ಎಂಜಿನ್ ಕೆಲಸ ನಾನು ಒಪ್ಪಿಕೊಂಡೆ. ರೇವಣಸಿದ್ದ ಚಿತ್ರವನ್ನು ತುಂಬಾ ಹೊತ್ತು ನೋಡಿದ.

"ಸಿದ್ದಣ್ಣ, ನಿಮ್ಮ ಕೂಲಿ ಹೇಳಿ."

"ಕೂಲಿ ಬ್ಯಾಡ. ಈ ಸೀಸನ್ನಿನ ಕಡೀ ರೇಸು ನಾ ಓಡಸ್ತೀನಿ."

ದೀಪು ನಕ್ಕ. ನಾನೂ ನಕ್ಕೆ. ಅವನು ನಗಲಿಲ್ಲ.

"ನಾ ಕಟ್ಟಿದ ಪಂಜರದಾಗ ಎಲ್ಲಾರೂ ಕುಂತು ಓಡ್ಯಾಡ್ಯಾರ. ನಾ ಕುಂತದ್ದು ನಿಂತ ಗಾಡ್ಯಾಗ, ಸುತ್ತಿಗಿ ಏಟು ತಿನ್ನಾಕ ಅಷ್ಟ. ಒಮ್ಮಿ ಓಡೂ ಗಾಡ್ಯಾಗ ಕುಂದರಬೇಕು. ಗೆದ್ರ ಕಪ್ಪು ನೀ ಇಟ್ಕೊ."

ದೀಪು ಅವನ ಮುಖ ನೋಡಿದ. ಕೈ ಮುಂದೆ ಚಾಚಿದ. "ನಮ್ಮಮ್ಮನಾಣೆ ಸಿದ್ದಣ್ಣ. ಕೊನೇ ರೇಸ್ ನಿಮ್ದು."

ಅಂದಿನಿಂದ ಅವನಿಗೆ ಬೇರೆ ಮಾತೇ ಇರಲಿಲ್ಲ. ಕ್ಲಬ್ಬಿನವರ ತರಬೇತಿಗೆ ಹೋಗಿ, ಬಾವುಟಗಳ ಬಣ್ಣ ಬಾಯಿಪಾಠ ಮಾಡಿ, ಪರೀಕ್ಷೆ ಪಾಸಾಗಿ ಲೈಸೆನ್ಸ್ ಕಾರ್ಡು ತಗೊಂಡ. ಮಹಾನಂದಾ ಆ ಕಾರ್ಡು ನೋಡಿ, "ಜೇಲಿನ್ಯಾಗೂ ಹಿಂಗ ಒಂದು ಫೋಟೋ ತಗದಿದ್ರು. ಅದ್ರಾಗ ಚಂದ ಇದ್ದಿ," ಅಂದಳಂತೆ.

ಕಾರು ಕಟ್ಟಿದ ತಿಂಗಳುಗಳಲ್ಲಿ ಆದಷ್ಟು ಹೊಡೆದಾಟ ನನ್ನ ಶೆಡ್ಡಿನಲ್ಲಿ ಮತ್ತೆ ಯಾವಾಗಲೂ ಆಗಿಲ್ಲ. ಎಲ್ಲೋ ಗುದ್ದಿಸಿಕೊಂಡು ಬಿದ್ದಿದ್ದ ಒಂದು ಕಾರಿನ ಎಂಜಿನ್ ನಾನು ತಂದು ಬಿಚ್ಚಿ, ಗಾಳಿ ಹೋಗೋ ದಾರಿಯೆಲ್ಲ ಕೊರೆದು ದೊಡ್ಡದು ಮಾಡಿದೆ. ಅದನ್ನು ಸೀಟಿನ ಹಿಂದೆ ಕೂರಿಸಬೇಕು ಅಂತ ನಾನು, ಮುಂದೆ ಅಂತ ಅವನು. ಆ ವಾದದಲ್ಲಿ ಒಂದು ಕಿಟಕಿ ಗಾಜು, ಒಂದು ಸ್ಟೂಲು, ನನ್ನ ಕಿರುಬೆರಳು ಮುರಿದವು. ಎಂಜಿನ್ ಮುಂದೆಯೇ ಕೂತಿತು. ನೀರಿನ ಟ್ಯಾಂಕು ಮಾಡೋ ಫೈಬರಿನವನ ಹತ್ತಿರ ಕಾರಿನ ಮೈ ಮಾಡಿಸಿದೆವು. ಅವನು ಎರಡು ಬಾಗಿಲನ್ನೂ ಎಡಗಡೆಯದೇ ಮಾಡಿ ತಂದ. ರೇವಣಸಿದ್ದ ಅವನನ್ನು ಅದೇ ಬಾಗಿಲಿನ ಕೆಳಗೆ ಹಾಕಿ ಮೇಲೆ ಕೂತ. ಕೊನೆಗೆ ಬಾಗಿಲೇ ಬೇಡ ಅಂತ ಬಿಟ್ಟೆವು, ತೂಕವೂ ಉಳಿಯಿತು.

ಮೊದಲ ರೇಸುಗಳಲ್ಲಿ ದೀಪು ನಾಲ್ಕನೆಯವನು, ಐದನೆಯವನು ಬಂದ. ಕಾರು ತಿರುವಿನಲ್ಲಿ ಕಚ್ಚಿಕೊಂಡು ಹೋಗುತ್ತಿತ್ತು, ನೇರದಲ್ಲಿ ಸೋಲುತ್ತಿತ್ತು. ಒಂದೊಂದು ರೇಸು ಆದಮೇಲೂ ಬಿಚ್ಚುತ್ತಿದ್ದೆವು. ಸ್ಪ್ರಿಂಗ್ ಬದಲಾಯಿಸಿದೆವು, ಅಗಲದ ಟೈರು ಹಾಕಿದೆವು, ಸೀಟು ಇಳಿಸಿದೆವು. ತೂಕ ಇಳಿಸೋ ಹುಚ್ಚು ದೀಪುಗೆ ಹತ್ತಿತು. ಒಂದು ದಿನ ಬಂದು ಪಂಜರದ ಪಕ್ಕದ ಅಡ್ಡ ಪೈಪು ತೋರಿಸಿ, "ಇದೊಂದು ಜಾಸ್ತಿ ಸಿದ್ದಣ್ಣ. ರೂಲ್ಸಲ್ಲಿ ಇಲ್ಲ. ತೆಗೀರಿ," ಅಂದ.

ರೇವಣಸಿದ್ದ ಅವನ ಕಾಲರ್ ಹಿಡಿದು ಎತ್ತಿ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದ. "ತೆಗೀತೀನಿ. ಮೊದಲ ನೀ ಒಳಗ ಕುಂತು ಏಟು ಕೇಳು. ಸಾವಕಾರ, ಹೊಡಿ."

ದೀಪು ಹೆದರಿ ಪೈಪನ್ನೇ ಹಿಡಿದುಕೊಂಡ. ರೇವಣಸಿದ್ದ ಕೈಯಲ್ಲಿದ್ದ ವೆಲ್ಡಿಂಗ್ ಕಡ್ಡಿಯಿಂದ ಅವನ ಬೆರಳ ಗೆಣ್ಣಿಗೆ ಬಾರಿಸಿದ. ರಕ್ತ ಬಂತು. "ಕೈ ಒಳಗ. ಪೈಪು ಏಟು ತಿಂತೈತಿ, ಪೈಪಿನ ಹೊರಗ ಇದ್ದ ಕೈ ಪುಡಿ ಆಗತೈತಿ. ಕಾರು ಪಲ್ಟಿ ಆದ್ರೂ ಅಷ್ಟ. ನೆಪ್ಪಿಟ್ಕೊ."

ನಾನು ಎರಡು ಏಟು ಹೊಡೆದೆ. ಮೂರನೇದಕ್ಕೆ ಸುತ್ತಿಗೆ ಎತ್ತುವಷ್ಟರಲ್ಲಿ ದೀಪು, "ಪೈಪ್ ಇರ್ಲಿ ಹನುಮಣ್ಣ, ಇರ್ಲಿ," ಅಂತ ಕೂಗಿದ. ಪೈಪು ಉಳಿಯಿತು.

ಆಮೇಲೆ ಕಾರು ಓಡಿತು. ದೀಪು ಮೂರನೆಯವನು ಬಂದ, ಎರಡನೆಯವನು ಬಂದ. ಕೊನೇ ರೇಸಿಗೆ ಮುಂಚೆ ಅಭ್ಯಾಸಕ್ಕೆ ರೇವಣಸಿದ್ದ ಕೂತ. ಬಿಲ್ಡಿಂಗ್ ಕೆಲಸದಲ್ಲಿದ್ದಾಗ ಅವನು ಟಿಪ್ಪರ್ ಓಡಿಸಿದವನು, ಕಾರನ್ನೂ ಹಾಗೇ ಓಡಿಸಿದ. ಪಕ್ಕದವನಿಗೆ ದಾರಿ ಕೊಡೋ ಪಾಠ ಮಾತ್ರ ಅವನ ತಲೆಗೆ ಹತ್ತಿರಲಿಲ್ಲ. ಒಬ್ಬನನ್ನು ಹುಲ್ಲಿಗೆ ಇಳಿಸಿ ಬಂದ. ಇಳಿದಾಗ ಹೆಲ್ಮೆಟ್ ತೆಗೆಯದೆ ಸುಮ್ಮನೆ ನಿಂತಿದ್ದ. ಒಳಗೆ ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ಗೊತ್ತಿಲ್ಲ, ಭುಜ ಮಾತ್ರ ಅಲ್ಲಾಡುತ್ತಿತ್ತು.

ಕೊನೇ ರೇಸಿನ ದಿನ ಮಹಾನಂದಾ ಅವನ ಶರ್ಟು ಇಸ್ತ್ರಿ ಮಾಡಿ ಕಳಿಸಿದ್ದಳು. ನಾವು ಕಾರು ಇಳಿಸಿ, ಟೈರಿನ ಗಾಳಿ ನೋಡಿ, ಕ್ಲಬ್ಬಿನವರ ತಪಾಸಣೆ ಮುಗಿಸಿ ಕೂತಿದ್ದೆವು. ಆಗ ಗೇಟಿನಲ್ಲಿ ಮೂರು ದೊಡ್ಡ ಕಾರು ಬಂದವು. ದೀಪು ಅಪ್ಪ, ಅಮ್ಮ ಭದ್ರಮ್ಮ, ಚಿಕ್ಕಪ್ಪಂದಿರು, ಹೆಣ್ಣು ಕೊಡೋ ಮಾತಾಡುತ್ತಿದ್ದ ಬೀಗರು. ಮಗ ರೇಸ್ ಓಡಿಸೋದನ್ನು ನೋಡೋಕೆ ಅಂತ ಎಲ್ಲ ಹೊರಟು ಬಂದಿದ್ದರು. ದೀಪು ಮನೆಯಲ್ಲಿ ಹೇಳಿರಲಿಲ್ಲ, ಇವತ್ತು ತಾನು ಓಡಿಸಲ್ಲ ಅಂತ.

ಅವನು ರೇಸಿನ ಡ್ರೆಸ್ ಹಾಕಿಕೊಂಡೇ ನಮ್ಮ ಹತ್ತಿರ ಬಂದ. ಅದನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು.

"ಸಿದ್ದಣ್ಣ, ಅಪ್ಪ ಬಂದವ್ರೆ. ಬೀಗರೂ ಬಂದವ್ರೆ. ನಾನು ಸುಮ್ನೆ ನಿಂತ್ಕೊಂಡ್ರೆ ಮರ್ಯಾದೆ ಏನಾಗುತ್ತೆ ಹೇಳಿ. ಮುಂದಿನ ಸೀಸನ್ ಪೂರ್ತಿ ನಿಮ್ದೇ."

ರೇವಣಸಿದ್ದ ಹಾಕಿಕೊಂಡಿದ್ದ ಗ್ಲೌಸು ಒಂದೊಂದೇ ಬೆರಳು ಎಳೆದು ತೆಗೆದ. ಮಂಡಿ ಪುಡಿ ಮಾಡಿದ ಮನುಷ್ಯ ಸುಮ್ಮನಿರೋದು ನನಗೆ ಸಹಿಸೋಕಾಗಲಿಲ್ಲ.

"ಅಮ್ಮನ ಆಣೆ ಇಟ್ಟಿದ್ದೆಯಲ್ಲೋ," ಅಂದೆ. "ಅಗೋ ಅಲ್ಲೇ ನಿಂತವ್ಳೆ ನಿಮ್ಮಮ್ಮ. ಹೋಗಿ ಹೇಳು."

"ಹನುಮಣ್ಣ, ಸೀನ್ ಮಾಡ್ಬೇಡಿ."

ಸೀನ್ ಅಂದನಲ್ಲ, ಅಲ್ಲಿಗೆ ಮುಗಿಯಿತು. ಟೂಲ್ ಬಾಕ್ಸಿನ ಪಕ್ಕ ಅದೇ ದೊಡ್ಡ ಸುತ್ತಿಗೆ ಇತ್ತು. ಎತ್ತಿಕೊಂಡೆ. "ಇವನು ಓಡಿಸದೇ ಇರೋ ಕಾರು ಯಾರೂ ಓಡಿಸಲ್ಲ" ಅಂತ ಒಂದು ಏಟು ಕಾರಿನ ಮೂತಿಗೆ ಕೊಟ್ಟೆ. ಫೈಬರ್ ಸೀಳಿತು. ಹೆಂಗಸರು ಕೂಗಿಕೊಂಡರು. ದೀಪು ಚಿಕ್ಕಪ್ಪ ಒಬ್ಬ ನನ್ನ ತೋಳಿಗೆ ಜೋತುಬಿದ್ದ, ಅವನನ್ನು ಕೊಡವಿ ಹಾಕಿದೆ. ಎರಡನೇ ಏಟು ಪಂಜರದ ಜಾಯಿಂಟಿಗೆ ಅಂತ ಎತ್ತಿದೆ.

ಆಗ ಬಿತ್ತು ಕೆನ್ನೆಗೆ.

ಬೆಸುಗೆಯ ಕೆಲಸ ಮಾಡಿದ ಕೈ, ಮರದ ಹಲಗೆ ಇದ್ದ ಹಾಗೆ. ಕಿವಿಯಲ್ಲಿ ಗುಂಯ್ ಅಂದಿತು, ಸುತ್ತಿಗೆ ಕೆಳಗೆ ಬಿತ್ತು. ರೇವಣಸಿದ್ದ ನನ್ನ ಎದುರಿಗೆ ನಿಂತಿದ್ದ.

"ಸಿಟ್ಟು ಇದ್ರ ಅವನ ಮ್ಯಾಲ ತೀರಸ್ಕೊ. ನನ್ನ ಬೆಸಗಿ ಮ್ಯಾಲ ಬ್ಯಾಡ. ಅದ್ರಾಗ ಒಬ್ಬಾಂವ ಕುಂದರಾಂವ ಅದಾನ," ಅಂದ. ಬಗ್ಗಿ ಆ ಜಾಯಿಂಟನ್ನು ಬೆರಳಿನಿಂದ ಕುಟ್ಟಿ ಕೇಳಿದ. ಸರಿ ಇದೆ ಅನ್ನಿಸಿರಬೇಕು. ಗ್ಲೌಸನ್ನು ಸೀಟಿನ ಮೇಲೆ ಹಾಕಿ, ತಂತಿ ಬೇಲಿ ಪಕ್ಕ ದೂರದ ತಿರುವಿನ ಕಡೆ ನಡೆದುಹೋದ.

ಸುತ್ತ ನಿಂತವರು ನನ್ನ ಕೆನ್ನೆಯನ್ನೇ ನೋಡುತ್ತಿದ್ದರು. ಯಾರೋ ಕಿಸಕ್ಕೆಂದರು. ನಾನು ಸುತ್ತಿಗೆ ಎತ್ತಿ ಟೂಲ್ ಬಾಕ್ಸಿನ ಪಕ್ಕ ಇಟ್ಟೆ. ಆಮೇಲೆ ಅವನ ಹಿಂದೆ ಹೊರಟೆ. ಮಾತಾಡೋಕಲ್ಲ. ತಗೊಂಡಿದ್ದನ್ನು ವಾಪಸ್ ಕೊಡೋಕೆ.

ನಾವಿಬ್ಬರೂ ಅಲ್ಲಿಂದ ಹೋದಮೇಲೆ ಏನಾಯಿತು ಅಂತ ಭದ್ರಮ್ಮ ಆಮೇಲೆ ಆಸ್ಪತ್ರೆಯಲ್ಲಿ ತಾನೇ ಹೇಳಿದಳು. ಸೀಳಿದ ಮೂತಿಗೆ ಟೇಪು ಸುತ್ತಿದರು. ರೇಸಿಗೆ ಮುಂಚೆ ಸುತ್ತಿಗೆ ಏಟು ಬಿದ್ದಿದ್ದು ಆ ತಾಯಿಗೆ ಅಪಶಕುನ ಅನ್ನಿಸಿತು. ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟಳು. ದೇವಸ್ಥಾನದಿಂದ ಮಂತ್ರಿಸಿ ತಂದಿದ್ದ ಕರೀ ಕಂಬಳಿ ದಾರ ಅವಳ ಹತ್ತಿರ ಇತ್ತು. ಮಗನ ತೋಳಿಗೆ ಕಟ್ಟೋಣ ಅಂದರೆ ತೋಳೆಲ್ಲ ಆ ಡ್ರೆಸ್ಸಿನೊಳಗೆ. ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದ ಮಗನ ಹೊಟ್ಟೆ ಮೇಲೆ ಒಂದು ಗುಂಡಿ ಕಂಡಿತು.

"ಇದೇನಪ್ಪ ಇಂಗೈತೆ?"

"ಬೆಲ್ಟಿನ ಗುಂಡಿ ಅಮ್ಮ. ನಾಲ್ಕು ಬೆಲ್ಟೂ ಇದ್ರಲ್ಲೇ ಸೇರ್ಕೊಳ್ಳೋದು. ನನ್ನ ಪ್ರಾಣ ಇರೋದೇ ಇದ್ರಲ್ಲಿ."

ಪ್ರಾಣ ಇರೋದು ಅಲ್ಲೇ ಆದರೆ ಕಟ್ಟಬೇಕಾದ್ದೂ ಅಲ್ಲೇ. ಅವಳು ಆ ಗುಂಡಿಗೂ ಬೆಲ್ಟಿಗೂ ಸೇರಿಸಿ ದಾರ ಸುತ್ತಿ ಸುತ್ತಿ ಮೂರು ಗಂಟು ಹಾಕಿದಳು. ಆ ಗುಂಡಿ ತಿರುಗಿಸಿದರೆ ಮಾತ್ರ ಬೆಲ್ಟು ಬಿಡುತ್ತೆ ಅನ್ನೋದು ಅವಳಿಗೆ ಹೇಗೆ ಗೊತ್ತಾಗಬೇಕು. ದೀಪುಗೆ ಗೊತ್ತಿತ್ತು. ಬೀಗರ ಎದುರಿಗೆ ಅಮ್ಮನ ದಾರ ಬಿಚ್ಚಿಹಾಕೋದು ಹೇಗೆ ಅಂತ ಸುಮ್ಮನಿದ್ದ. ತಪಾಸಣೆ ಆಗಲೇ ಮುಗಿದಿತ್ತು.

ರೇವಣಸಿದ್ದ ತಿರುವಿನ ಹತ್ತಿರ ಬೇಲಿಗೆ ಒರಗಿ ನಿಂತಿದ್ದ. ನಾನು ಟ್ರ್ಯಾಕ್ ಸುತ್ತಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ರೇಸು ಶುರುವಾಗಿತ್ತು. ನಾನು ಹತ್ತಿರ ಹೋದೆ. ಅವನು ತಿರುಗಿ ನೋಡಿದ. ನನ್ನ ಕೈ ಎತ್ತಿದ್ದೆ, ಸುಳ್ಳು ಹೇಳಲ್ಲ, ಭುಜದ ಮಟ್ಟಕ್ಕೆ ಎತ್ತಿದ್ದೆ.

"ಕೊಡು," ಅಂದ. "ನಿಂದೈತಿ."

ಅವನ ಬೆನ್ನ ಹಿಂದೆ ನಮ್ಮ ಕಾರು ಬಂತು. ತಿರುವಿನ ಒಳಗೆ ನುಗ್ಗಲು ಹೋಗಿ ದೀಪು ಪಕ್ಕದ ಕಾರಿನ ಚಕ್ರಕ್ಕೆ ಚಕ್ರ ತಾಗಿಸಿದ. ಕಾರು ಗಾಳಿಗೆದ್ದಿತು. ಒಂದು ಸಲ ಮೂತಿಯ ಮೇಲೆ, ಒಂದು ಸಲ ಪಕ್ಕೆಯ ಮೇಲೆ ಬಿದ್ದು, ತಲೆಕೆಳಗಾಗಿ ರಸ್ತೆಯ ಮಧ್ಯೆ ಉಜ್ಜಿಕೊಂಡು ಬಂದು ನಿಂತಿತು. ಕೆಂಪು ಧೂಳು ಎದ್ದು ಏನೂ ಕಾಣದಂತಾಯಿತು. ಹಿಂದೆ ಬರೋ ಕಾರುಗಳನ್ನು ತಡೆಯಬೇಕಾದ ಬಾವುಟದವನು ತಿರುವಿನ ಆಚೆ ಇದ್ದ.

ನನ್ನ ಕೈ ಎತ್ತಿದ ಕಡೆಯೇ ನಿಂತಿತ್ತು. ರೇವಣಸಿದ್ದ ಬೇಲಿ ಹಾರಿ ಆಗಲೇ ಓಡುತ್ತಿದ್ದ.

ನಾನು ಹೋಗುವಷ್ಟರಲ್ಲಿ ಅವನು ಪಕ್ಕದಿಂದ ತೂರಿ ಪಂಜರದೊಳಗೆ ಅರ್ಧ ಹೋಗಿದ್ದ. ದೀಪು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ, ಬಾಯಿಂದ ರಕ್ತ. ಪೆಟ್ರೋಲ್ ಜಿನುಗಿ ಅವನ ಹೆಲ್ಮೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಗುಂಡಿ ತಿರುಗವಲ್ದು," ಅಂತ ರೇವಣಸಿದ್ದ ಕೂಗಿದ. "ದಾರ ಕಟ್ಯಾರ ಇದಕ್ಕ. ಚಾಕು ಕೊಡಲೇ."

ನನ್ನ ಹತ್ತಿರ ಚಾಕು ಇರಲಿಲ್ಲ.

"ಗಾಡಿ ತಡಿ ಹೋಗು. ನಾ ಹಲ್ಲಿಲೆ ಕಡೀತೀನಿ."

ಹೆಗಲ ಮೇಲಿದ್ದ ಕೆಂಪು ಟವೆಲ್ ಬೀಸುತ್ತಾ ಧೂಳಿನ ಕಡೆ ಓಡಿದೆ. ಒಂದು ಕಾರು ನನ್ನನ್ನು ಕಂಡು ಹುಲ್ಲಿಗೆ ಇಳಿಯಿತು. ಅದರ ಹಿಂದಿನ ಕಾರಿನವನಿಗೆ ಧೂಳಿನಲ್ಲಿ ನಾನು ಕಾಣಲಿಲ್ಲ. ನನ್ನ ಪ್ಯಾಂಟಿಗೆ ಗಾಳಿ ಹೊಡೆದು ಹೋಯಿತು ಅಷ್ಟೇ. ತಿರುಗಿ ನೋಡಿದೆ.

ದೀಪುವಿನ ಭಾರ ಬೆಲ್ಟಿನ ಮೇಲೆ ಬಿದ್ದು ದಾರ ಬಿಗಿದಿತ್ತು. ಅದು ಸಡಿಲವಾಗಲಿ ಅಂತ ರೇವಣಸಿದ್ದ ಎಡ ಭುಜದಿಂದ ಅವನನ್ನು ಮೇಲಕ್ಕೆ ತಳ್ಳಿ ಹಿಡಿದಿದ್ದ. ತಳ್ಳೋಕೆ ಆಧಾರ ಬೇಕಲ್ಲ, ಬಲಗೈಯಲ್ಲಿ ಪಕ್ಕದ ಆ ಅಡ್ಡ ಪೈಪನ್ನು ಹೊರಗಿನಿಂದ ಸುತ್ತಿ ಹಿಡಿದಿದ್ದ. ಎಲ್ಲರಿಗೂ ಕೈ ಒಳಗ ಅಂತ ಹೇಳುತ್ತಿದ್ದವನ ಕೈ ಹೊರಗಿತ್ತು.

ಆ ಕಾರು ಬಂದು ಅದೇ ಪಕ್ಕಕ್ಕೆ ಗುದ್ದಿತು.

ನಾನು ಆ ಪಂಜರಕ್ಕೆ ಎಷ್ಟು ಏಟು ಹೊಡೆದಿದ್ದೆನೋ, ಅದೆಲ್ಲ ಸೇರಿ ಒಂದೇ ಸಲ ಸದ್ದಾದ ಹಾಗಾಯಿತು. ಒಂದು ಜಾಯಿಂಟೂ ಬಿಡಲಿಲ್ಲ. ಪೈಪು ನಾಲ್ಕು ಬೆರಳಿನಷ್ಟು ಒಳಕ್ಕೆ ಬಾಗಿ ಅಲ್ಲೇ ನಿಂತಿತು. ಪೈಪಿಗೂ ಆ ಕಾರಿನ ಮೂತಿಗೂ ನಡುವೆ ಅವನ ಕೈ ಇತ್ತು.

ಓಡಿ ಹೋದೆ. ಅವನು ಕೂಗುತ್ತಿರಲಿಲ್ಲ. ಬಾಯಿ ದಾರದ ಮೇಲಿತ್ತು. ಕಣ್ಣು ಮಾತ್ರ ಹೊರಗೆ ಬರೋ ಹಾಗೆ ಅಗಲಿಸ್ಕೊಂಡು, ಕೈ ಅಲ್ಲಿ ಸಿಕ್ಕಿಕೊಂಡಿದ್ದ ಹಾಗೇ, ನಾಯಿ ಮೂಳೆ ಕಡಿಯೋ ಹಾಗೆ ದಾರ ಕಡಿಯುತ್ತಿದ್ದ. ದಾರ ಹರಿಯಿತು. ಎಡಗೈಯಿಂದ ಗುಂಡಿ ತಿರುಗಿಸಿದ. ದೀಪು ಅವನ ಮೈಮೇಲೆ ಬಿದ್ದ. ಕ್ಲಬ್ಬಿನ ಹುಡುಗರು ಬಂದು ದೀಪುವನ್ನು ಎಳೆದರು. ಮಿಕ್ಕವರು ಸೇರಿ ಆ ಕಾರಿನ ಮೂತಿ ಎತ್ತಿ ಹಿಂದಕ್ಕೆ ದಬ್ಬಿದೆವು. ಆಗ ಅವನು ಕೂಗಿದ. ಆ ಕೂಗು ಮನುಷ್ಯರದ್ದಾಗಿರಲಿಲ್ಲ. ಪೈಪಿನ ಮೇಲೆ ಚರ್ಮ ಅಂಟಿಕೊಂಡು ಉಳಿಯಿತು. ನನ್ನ ಟವೆಲ್ಲಿನಲ್ಲಿ ಅವನ ಕೈ ಸುತ್ತಿದೆ. ಒಳಗೆ ಮೂಳೆ ಜಲ್ಲಿಕಲ್ಲಿನ ಹಾಗೆ ಕೈಗೆ ಸಿಗುತ್ತಿತ್ತು.

ದೀಪುಗೆ ಭುಜದ ಮೂಳೆ ಮುರಿದಿತ್ತು, ನಾಲಿಗೆ ಕಚ್ಚಿಕೊಂಡಿದ್ದ. ಅಷ್ಟೇ. ರೇವಣಸಿದ್ದನ ಬಲಗೈಯ ಹೆಬ್ಬೆರಳೊಂದು ಬಿಟ್ಟು ಮಿಕ್ಕ ಬೆರಳೆಲ್ಲ ಡಾಕ್ಟರು ತೆಗೆದರು.

ವಾರ್ಡಿಗೆ ಭದ್ರಮ್ಮ ಬಂದು ಕಾಲ ಬಳಿ ಕೂತು ದಾರದ ಕಥೆ ಹೇಳಿ ಅತ್ತಳು. "ನಂಗೆ ಗೊತ್ತಿರ್ನಿಲ್ಲ ಕಣಪ್ಪ," ಅಂದಳು. ಮಹಾನಂದಾ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದಳು. ವಾಪಸ್ ಬಂದವಳು ಗೋಡೆಗೆ ತಲೆ ಚಚ್ಚಿಕೊಂಡಳು. ನರ್ಸು ಬಂದು ಹಿಡಿದುಕೊಳ್ಳಬೇಕಾಯಿತು.

ದೀಪು ಭುಜಕ್ಕೆ ಪಟ್ಟಿ ಹಾಕಿಕೊಂಡು ಬಂದ. "ಸಿದ್ದಣ್ಣ, ಮುಂದಿನ ಸೀಸನ್ ನಿಮ್ದೇ."

ರೇವಣಸಿದ್ದ ಬ್ಯಾಂಡೇಜು ನೋಡಿಕೊಂಡ. "ಗೇರ್ ಹಾಕೂ ಕೈ ಐತಿ ತಮ್ಮಾ. ಸ್ಟೇರಿಂಗ್ ನೀ ಹಿಡ್ಕೋತಿಯೇನು?"

ಆಮೇಲೆ ದೀಪು ಶೆಡ್ಡಿನ ಕಡೆ ಬರಲಿಲ್ಲ. ಅವರಪ್ಪ ಕಾರನ್ನು ಗುಜರಿಗೆ ಹಾಕಿಸಿದರು. ಗುಜರಿಯವನು ನಮ್ಮ ರಸ್ತೆಯವನೇ, ಕೊಯ್ಯುವಾಗ ನಾವಿಬ್ಬರೂ ಹೋಗಿ ನಿಂತೆವು. ಅವನು ಗ್ಯಾಸ್ ಕಟರ್ ಹಿಡಿದು ಜಾಯಿಂಟಿನ ಹತ್ತಿರ ಬಂದಾಗಲೆಲ್ಲ ರೇವಣಸಿದ್ದ, "ಅಲ್ಲಿ ಬ್ಯಾಡೋ, ಪೈಪಿನ್ಯಾಗ ಕೊಯ್ಯಿ," ಅನ್ನುತ್ತಿದ್ದ.

ಓಡೋ ಗಾಡಿಯಲ್ಲಿ ರೇಸಿಗೆ ಅವನು ಕೂರಲೇ ಇಲ್ಲ. ಲೈಸೆನ್ಸ್ ಕಾರ್ಡಿನ ಅವಧಿ ಮುಗಿದುಹೋಯಿತು.

ಈಗ ಬೆಸುಗೆ ನಾನು ಹಾಕುತ್ತೇನೆ. ಅವನು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಉಗಿಯುತ್ತಾನೆ. "ಇದು ಬೆಸಗಿಯೋ ಕೋಳಿ ಹೇತದ್ದೋ" ಅನ್ನುತ್ತಾನೆ. ನಾನು ಕಡ್ಡಿ ಎಸೆದು ಮನೆಗೆ ಹೋಗುತ್ತೇನೆ, ಮಾರನೇ ದಿನ ಬಂದು ಮತ್ತೆ ಕೊಯ್ದು ಹಾಕುತ್ತೇನೆ. ಪಂಜರ ಮುಗಿದ ದಿನ ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂರೋದು ನಾನು. ಬೆಸೆದವನು ಕೂರಬೇಕು, ಅದೇ ಪದ್ಧತಿ. ಹೊಡೆಯೋದು ಅವನು. ಎಡಗೈಯಲ್ಲಿ ಸುತ್ತಿಗೆ, ಬಲಗೈಯ ಹೆಬ್ಬೆರಳನ್ನು ಹಿಡಿಗೆ ಆನಿಸಿಕೊಂಡು.

ಹೋದ ವಾರ ಒಂದು ಮುಗಿಸಿದೆವು. ಬೆಲ್ಟು ಬಿಗಿದುಕೊಂಡು ಕೂತೆ. ಅವನು ಜಾಯಿಂಟು ನೋಡೋಕೆ ಬಗ್ಗಿದ. ಅವನ ಕೆನ್ನೆ ನನ್ನ ಮುಖದ ಪಕ್ಕದಲ್ಲೇ, ಗೇಣು ದೂರದಲ್ಲಿ ಬಂತು. ಗಡ್ಡ ಬೆಳ್ಳಗಾಗಿದೆ.

"ಸಿದ್ದ," ಅಂದೆ, "ನಿಂದೊಂದು ನನ್ನ ಹತ್ರ ಬಾಕಿ ಇದೆ."

"ಗೊತ್ತೈತಿ. ಅವತ್ತ ಕೈ ಎತ್ತಿದ್ದಿ. ಯಾಕ ಬಿಟ್ಟಿ?"

"ನೀನು ಓಡಿಹೋದೆ."

"ಈಗ ಎಲ್ಲೂ ಓಡಂಗಿಲ್ಲ. ಕೊಡು," ಅಂತ ಕೆನ್ನೆಯನ್ನು ಪೈಪುಗಳ ನಡುವೆ ಇನ್ನಷ್ಟು ಒಳಗೆ ತಂದ.

ನಾನು ಎದೆಗೆ ಕಟ್ಟಿದ್ದ ಕೈ ಬಿಚ್ಚಿದೆ. ಬೀಸೋಕೆ ಒಳಗೆ ಜಾಗ ಇರಲಿಲ್ಲ, ಪೈಪಿನ ಆಚೆಗೆ ಚಾಚಿದೆ. ಅವನು ಹೆಬ್ಬೆರಳೊಂದೇ ಇದ್ದ ಆ ಕೈಯಿಂದ ನನ್ನ ಮಣಿಕಟ್ಟು ಒತ್ತಿ ಒಳಕ್ಕೆ ತಳ್ಳಿದ.

"ಎಷ್ಟ ಸಲ ಹೇಳ್ಬೇಕಲೇ ನಿನಗ. ಕೈ ಒಳಗ," ಅಂದು, ಸುತ್ತಿಗೆ ಎತ್ತಿ ನನ್ನ ಕಿವಿಯ ಪಕ್ಕದ ಜಾಯಿಂಟಿಗೆ ಬಾರಿಸಿದ.